ಎಷ್ಟರಲ್ಲಿ ಎಷ್ಟು?



ಯಾದಗಿರಿ, ಶಹಾಪುರ, ಸುರಪುರದ ಶಾಲೆಗಳಿಗೆ ನಾನು ಬಂದಾಗ ನೀವು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ ಇದೆ. “ಸರ್, ನಮ್ಮೂರ ಬೋರಿನ ನೀರಾಗ ಫ್ಲೋರೈಡ್ ಐತಂತ, ಖರೇ ಏನ್ರಿ?” ಪ್ರಶ್ನೆ ಒಳ್ಳೆಯದೇ. ಆದರೆ ಅದು ಅರ್ಧ ಪ್ರಶ್ನೆ. ಏಕೆಂದರೆ ನೆಲದೊಳಗಿನ ಯಾವ ನೀರನ್ನು ತೆಗೆದುಕೊಂಡರೂ ಅದರಲ್ಲಿ ಒಂದಿಷ್ಟು ಫ್ಲೋರೈಡ್ ಇದ್ದೇ ಇರುತ್ತದೆ. “ಇದೆಯೇ?” ಎಂದು ಕೇಳಿದರೆ ಎಲ್ಲ ಊರಿಗೂ “ಇದೆ” ಎಂಬ ಒಂದೇ ಉತ್ತರ ಬರುತ್ತದೆ. ಆ ಉತ್ತರದಿಂದ ಏನು ಪ್ರಯೋಜನ? ಕೇಳಬೇಕಾದದ್ದು “ಎಷ್ಟರಲ್ಲಿ ಎಷ್ಟು ಇದೆ?” ಎಂದು. ಹೀಗೆ ಕೇಳಿದ ಕೂಡಲೇ ನೀವು ಐದನೇ ತರಗತಿಯಲ್ಲಿ ಕಲಿತ ಭಿನ್ನರಾಶಿ ಎದ್ದು ಬರುತ್ತದೆ. ಮೇಲೆ ಒಂದು ಸಂಖ್ಯೆ, ಕೆಳಗೆ ಒಂದು ಸಂಖ್ಯೆ. ಅಂಶ, ಛೇದ. ನೀರಿನ ವಿಷಯದಲ್ಲಿ ಛೇದವಿಲ್ಲದ ಮಾತನ್ನು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಫ್ಲೋರೈಡ್ ಎಲ್ಲಿಂದ ಬರುತ್ತದೆ ನೋಡೋಣ. ಶಹಾಪುರದ ಬಳಿ ಬುದ್ಧ ಮಲಗಿದಂತೆ ಕಾಣುವ ಗುಡ್ಡವನ್ನು ನೀವು ನೋಡಿರಬಹುದು. ಅಂಥ ಗಟ್ಟಿ ಗ್ರಾನೈಟ್ ಜಾತಿಯ ಬಂಡೆ ನಮ್ಮ ಭಾಗದಲ್ಲಿ ಬಹಳ ಕಡೆ ನೆಲದಡಿಯಲ್ಲೂ ಹಾಸಿಕೊಂಡಿದೆ. ಇಂಥ ಬಂಡೆಯಲ್ಲಿ ಫ್ಲೋರೈಟ್, ಅಪಟೈಟ್ ಮೊದಲಾದ ಖನಿಜಗಳು ಇರುತ್ತವೆ. ಕಾಗೆಬಂಗಾರದ ಜಾತಿಗೆ ಸೇರಿದ ಕಪ್ಪು ಹೊಳಪಿನ ಬಯೋಟೈಟ್ ಕೂಡ ಇರುತ್ತದೆ. ಇವುಗಳಲ್ಲಿ ಫ್ಲೋರೈಡ್ ಅಡಗಿದೆ. ಮಳೆ ನೀರು ಬಂಡೆಯ ಬಿರುಕುಗಳಲ್ಲಿ ಇಳಿದು ವರ್ಷಗಟ್ಟಲೆ ಅಲ್ಲೇ ನಿಂತಾಗ ಸ್ವಲ್ಪ ಸ್ವಲ್ಪವಾಗಿ ಅದು ಕರಗುತ್ತದೆ. ಹೆಚ್ಚು ಕಾಲ ನಿಂತ ನೀರಿನಲ್ಲಿ ಸಾಮಾನ್ಯವಾಗಿ ಹೆಚ್ಚು. ಆದ್ದರಿಂದಲೇ ಆಳದ ಕೊಳವೆಬಾವಿಗಳ ಬಗ್ಗೆ ಎಚ್ಚರ ಬೇಕು. ಇನ್ನೊಂದು ವಿಚಿತ್ರ ಕೇಳಿ. ಕ್ಯಾಲ್ಸಿಯಂ ಹೆಚ್ಚಿರುವ ಗಡಸು ನೀರಿನಲ್ಲಿ ಫ್ಲೋರೈಡ್ ಅಷ್ಟಾಗಿ ಕರಗಿ ಉಳಿಯುವುದಿಲ್ಲ. ಸಾಬೂನು ಹಚ್ಚಿದರೆ ಚೆನ್ನಾಗಿ ನೊರೆ ಬರುವ, ಕುಡಿಯಲು ಸಿಹಿ ಎನಿಸುವ ಮೆದು ನೀರಿನಲ್ಲಿ ಅದು ಹೆಚ್ಚಿರಬಹುದು. ನಾಲಿಗೆ ಇಲ್ಲಿ ಸಾಕ್ಷಿ ಹೇಳಲಾರದು.

ಈಗ ಅಳತೆಗೆ ಬರೋಣ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿ ಮಾಡಿದ ಪ್ರಕಾರ ಒಂದು ಲೀಟರ್ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಒಂದು ಲೀಟರ್ ನೀರು ಸುಮಾರು 1 ಕಿಲೋಗ್ರಾಂ ತೂಗುತ್ತದೆ. 1 ಕಿಲೋಗ್ರಾಂ ಎಂದರೆ 10 ಲಕ್ಷ ಮಿಲಿಗ್ರಾಂ. ಹಾಗಾದರೆ ಲೀಟರಿಗೆ 1 ಮಿಲಿಗ್ರಾಂ ಎಂದರೆ 10 ಲಕ್ಷ ಭಾಗದಲ್ಲಿ ಒಂದು ಭಾಗ. ಇದು ತೂಕದ ಭಿನ್ನರಾಶಿ. ನೀರಿನ ಪರೀಕ್ಷೆಯ ವರದಿಗಳಲ್ಲಿ ಬರುವುದು ಇದೇ.

ತೂಕದ ಲೆಕ್ಕ ಒಂದೇ ಅಲ್ಲ, ತಲೆ ಎಣಿಸುವ ಲೆಕ್ಕವೂ ಇದೆ. ಎರಡಕ್ಕೂ ಏನು ವ್ಯತ್ಯಾಸ ಎಂದು ನಿಮ್ಮ ಮನೆಯ ಕಾಳಿನಿಂದಲೇ ತಿಳಿಯಬಹುದು. ಜೋಳದ ಕಾಳು ಚಿಕ್ಕದು, ತೊಗರಿ ಕಾಳು ದಪ್ಪ. 100 ಜೋಳದ ಕಾಳು ಸುಮಾರು 3 ಗ್ರಾಂ, 100 ತೊಗರಿ ಕಾಳು ಸುಮಾರು 10 ಗ್ರಾಂ ತೂಗುತ್ತವೆ ಎಂದುಕೊಳ್ಳೋಣ (ತಳಿಯಿಂದ ತಳಿಗೆ ಬೇರೆಯಾಗುತ್ತದೆ, ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ನೀವೇ ತೂಗಿ ನೋಡಿ). ಒಂದು ಬುಟ್ಟಿಯಲ್ಲಿ 300 ಗ್ರಾಂ ಜೋಳ, 100 ಗ್ರಾಂ ತೊಗರಿ ಬೆರೆಸಿ. ತೂಕದಲ್ಲಿ ತೊಗರಿಯ ಪಾಲು ಎಷ್ಟು? 400ರಲ್ಲಿ 100, ಅಂದರೆ ನಾಲ್ಕರಲ್ಲಿ ಒಂದು. ಈಗ ಕಾಳು ಎಣಿಸಿ. ಜೋಳ 10,000 ಕಾಳು, ತೊಗರಿ 1,000 ಕಾಳು. ಒಟ್ಟು 11,000. ಎಣಿಕೆಯಲ್ಲಿ ತೊಗರಿಯ ಪಾಲು ಹನ್ನೊಂದರಲ್ಲಿ ಒಂದು! ಬುಟ್ಟಿ ಅದೇ, ಕಾಳು ಅದೇ, ಆದರೆ ಒಂದು ಲೆಕ್ಕದಲ್ಲಿ ಕಾಲು ಭಾಗ, ಇನ್ನೊಂದರಲ್ಲಿ ಹನ್ನೊಂದನೆಯ ಒಂದು ಭಾಗ. ಎರಡೂ ಸರಿ. ಕೊಳ್ಳುವವನಿಗೆ ತೂಕ ಬೇಕು. ಬಿತ್ತುವವನಿಗೆ ಎಣಿಕೆ ಬೇಕು, ಏಕೆಂದರೆ ಒಂದು ಕಾಳಿಗೆ ಒಂದೇ ಗಿಡ.

ರಸಾಯನಶಾಸ್ತ್ರಜ್ಞನೂ ಬಿತ್ತುವವನಂತೆಯೇ. ಒಂದು ಕಣ ಇನ್ನೊಂದು ಕಣದೊಡನೆ ಸೇರುವಾಗ ತಕ್ಕಡಿ ಕೇಳುವುದಿಲ್ಲ. ಒಂದಕ್ಕೆ ಒಂದು, ಒಂದಕ್ಕೆ ಎರಡು ಎಂದು ತಲೆ ಎಣಿಸಿಯೇ ಸೇರುತ್ತವೆ. ಆದರೆ ಅಣುಗಳನ್ನು ಒಂದೊಂದಾಗಿ ಎಣಿಸುವುದು ಸಾಧ್ಯವೇ? ಬಳೆ, ಬಾಳೆಹಣ್ಣುಗಳನ್ನು ಡಜನ್ ಲೆಕ್ಕದಲ್ಲಿ ಎಣಿಸುತ್ತೇವಲ್ಲ, ಹಾಗೆ ಕಣಗಳಿಗೂ ಒಂದು ದೊಡ್ಡ ಗುಂಪು ಬೇಕಾಯಿತು. ಆ ಗುಂಪಿನ ಹೆಸರು ಮೋಲ್. ಒಂದು ಡಜನ್‌ನಲ್ಲಿ 12, ಒಂದು ಮೋಲ್‌ನಲ್ಲಿ ಸುಮಾರು 6 ಬರೆದು ಮುಂದೆ 23 ಸೊನ್ನೆ ಹಾಕಿದಷ್ಟು. ಇಟಲಿಯ ಅವೊಗಾಡ್ರೊ ಎಂಬ ವಿಜ್ಞಾನಿಯ ಹೆಸರನ್ನು ಈ ಸಂಖ್ಯೆಗೆ ಇಟ್ಟಿದ್ದಾರೆ. 2019ರ ಮೇ 20ರಿಂದ ಮೋಲ್‌ನ ವ್ಯಾಖ್ಯೆಯನ್ನೇ ಈ ಸಂಖ್ಯೆಯ ಮೇಲೆ ನಿಲ್ಲಿಸಿದ್ದಾರೆ. ಸಂಖ್ಯೆಯನ್ನು ಬಾಯಿಪಾಠ ಮಾಡಬೇಕಿಲ್ಲ. ನೆನಪಿಡಬೇಕಾದದ್ದು ಇಷ್ಟೇ: 18 ಗ್ರಾಂ ನೀರು ಅಂದರೆ ಮೂರು ನಾಲ್ಕು ಚಮಚ ನೀರು ಒಂದು ಮೋಲ್. 342 ಗ್ರಾಂ ಸಕ್ಕರೆ ಒಂದು ಮೋಲ್. 19 ಗ್ರಾಂ ಫ್ಲೋರೈಡ್ ಒಂದು ಮೋಲ್. ಈ ಮೂರರಲ್ಲೂ ಕಣಗಳ ಸಂಖ್ಯೆ ಒಂದೇ. ಸಕ್ಕರೆಯ ಅಣು ತೊಗರಿಯಂತೆ ದಪ್ಪ, ನೀರಿನ ಅಣು ಜೋಳದಂತೆ ಸಣ್ಣದು.

ಒಂದು ಲೋಟ ಪಾನಕ ಮಾಡೋಣ. 180 ಗ್ರಾಂ ನೀರು, 34.2 ಗ್ರಾಂ ಸಕ್ಕರೆ. ತೂಕದಲ್ಲಿ ಸಕ್ಕರೆಯ ಪಾಲು ನೂರಕ್ಕೆ ಸುಮಾರು 16. ಈಗ ತಲೆ ಎಣಿಸಿ. ನೀರು 180ನ್ನು 18ರಿಂದ ಭಾಗಿಸಿದರೆ 10 ಮೋಲ್. ಸಕ್ಕರೆ 34.2ನ್ನು 342ರಿಂದ ಭಾಗಿಸಿದರೆ 0.1 ಮೋಲ್. ಒಟ್ಟು 10.1 ಮೋಲ್. ಸಕ್ಕರೆಯ ಪಾಲು 0.1ನ್ನು 10.1ರಿಂದ ಭಾಗಿಸಿದಷ್ಟು, ಅಂದರೆ 101 ಕಣಗಳಲ್ಲಿ ಒಂದೇ ಒಂದು. ಬಾಯಿಗೆ ಅಷ್ಟು ಸಿಹಿ ಎನಿಸುವ ಪಾನಕದಲ್ಲಿ ಸಕ್ಕರೆಯ ಅಣು ನೂರೊಂದರಲ್ಲಿ ಒಂದು! ಈ 101ರಲ್ಲಿ 1 ಎಂಬುದಕ್ಕೆ ಮೋಲ್ ಭಿನ್ನರಾಶಿ ಎಂದು ಹೆಸರು. ಛೇದದಲ್ಲಿ ನೀರನ್ನು ಮಾತ್ರ ಇಡಬೇಡಿ, ಕರಗಿದ್ದನ್ನೂ ಸೇರಿಸಿ ಒಟ್ಟು ಇಡಿ. ಎಷ್ಟೋ ಜನ ಇಲ್ಲಿಯೇ ಎಡವುತ್ತಾರೆ.

“ಇದು ಪಿಯುಸಿ ಪಾಠ, ಏಳನೇ ತರಗತಿಯ ಮಕ್ಕಳಿಗೇಕೆ?” ಎಂದು ಕೆಲವು ಹಿರಿಯರು ನನ್ನನ್ನು ಕೇಳುತ್ತಾರೆ. ಮೋಲ್ ಭಿನ್ನರಾಶಿ ಪಿಯುಸಿ ಪುಸ್ತಕದಲ್ಲಿ ಬರುವುದು ನಿಜ. ಆದರೆ ಮೇಲಿನ ಪಾನಕದಲ್ಲಿ ನಿಮಗೆ ಬಾರದ ಲೆಕ್ಕ ಯಾವುದಿತ್ತು ಹೇಳಿ? ಎರಡು ಭಾಗಾಕಾರ, ಒಂದು ಸಂಕಲನ, ಮತ್ತೊಂದು ಭಾಗಾಕಾರ. ಪಿಯುಸಿ ಮುಟ್ಟುವಷ್ಟರಲ್ಲಿ ನಿಮ್ಮಲ್ಲಿ ಎಷ್ಟೋ ಜನ ವಿಜ್ಞಾನವನ್ನು ಬಿಟ್ಟು ಬೇರೆ ದಾರಿ ಹಿಡಿದಿರುತ್ತೀರಿ. ಕೆಲವರು ಶಾಲೆಯನ್ನೇ ಬಿಟ್ಟಿರುತ್ತಾರೆ. ನೀರನ್ನು ಮಾತ್ರ ಎಲ್ಲರೂ ಕುಡಿಯುತ್ತೀರಿ, ಅದೂ ಇಂದಿನಿಂದಲೇ. ಹಲ್ಲು ಹುಟ್ಟುವ ವಯಸ್ಸು ಪಿಯುಸಿಗೆ ಕಾಯುವುದಿಲ್ಲ.

ಇನ್ನು ಬೋರಿನ ನೀರಿಗೆ ಹೋಗೋಣ. ಲೆಕ್ಕ ಸುಲಭವಾಗಲೆಂದು ಒಂದು ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 1.9 ಮಿಲಿಗ್ರಾಂ ಫ್ಲೋರೈಡ್ ಇದೆ ಎಂದು ಇಟ್ಟುಕೊಳ್ಳಿ. ಗ್ರಾಂಗೆ ತಂದರೆ 0.0019. ಅದನ್ನು 19ರಿಂದ ಭಾಗಿಸಿದರೆ 0.0001 ಮೋಲ್. ಒಂದು ಲೀಟರ್ ನೀರು ಎಂದರೆ 1000ವನ್ನು 18ರಿಂದ ಭಾಗಿಸಿದಷ್ಟು, ಸುಮಾರು 55.5 ಮೋಲ್. ಪಾಲು ಎಷ್ಟಾಯಿತು? 1 ಕೋಟಿ ಕಣಗಳಲ್ಲಿ ಸುಮಾರು 18 ಫ್ಲೋರೈಡ್ ಕಣ. 1.5 ಮಿಲಿಗ್ರಾಂ ಎಂಬ ಗಡಿಯನ್ನು ಇದೇ ರೀತಿ ಲೆಕ್ಕ ಹಾಕಿದರೆ 1 ಕೋಟಿಯಲ್ಲಿ ಸುಮಾರು 14. ಕೋಟಿಯಲ್ಲಿ ಹದಿನಾಲ್ಕು ಇದ್ದರೆ ಒಪ್ಪಬಹುದು, ಹದಿನೆಂಟು ಇದ್ದರೆ ಆಗದು. ಎಷ್ಟು ಸಣ್ಣ ಅಂತರ ನೋಡಿ!

“ಕೋಟಿಯಲ್ಲಿ ಹದಿನೆಂಟು ತಾನೇ, ಅದರಿಂದ ಏನಾಗುತ್ತದೆ?” ಎಂದು ಯಾರಾದರೂ ನಕ್ಕರೆ ಒಂದು ಲೋಟದ ಲೆಕ್ಕ ಕೊಡಿ. 180 ಮಿಲಿಲೀಟರ್‌ನ ಆ ಒಂದು ಲೋಟದಲ್ಲಿ ನೀರಿನ ಅಣುಗಳೇ 10 ಮೋಲ್ ಇವೆ. ಅದರಲ್ಲಿ ಫ್ಲೋರೈಡ್ ಕಣಗಳು ಸುಮಾರು 1 ಬರೆದು ಮುಂದೆ 19 ಸೊನ್ನೆ ಹಾಕಿದಷ್ಟು. ಇಂಥ ಲೋಟಗಳನ್ನು ನೀವು ದಿನಕ್ಕೆ ಎಷ್ಟು ಕುಡಿಯುತ್ತೀರಿ? ಬೇಸಿಗೆಯಲ್ಲಿ, ಅದೂ ನಮ್ಮ ಯಾದಗಿರಿ ಬೇಸಿಗೆಯಲ್ಲಿ? ಹಲ್ಲು, ಮೂಳೆ ಬೆಳೆಯುವಾಗ ದೇಹ ಇದರಲ್ಲಿ ಒಂದಿಷ್ಟನ್ನು ಅಲ್ಲಿಯೇ ಉಳಿಸಿಕೊಳ್ಳುತ್ತದೆ. ಸ್ವಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗದಂತೆ ಕಾಯುತ್ತದೆ. ಟೂತ್‌ಪೇಸ್ಟ್‌ನಲ್ಲಿ ಹಾಕುವುದೂ ಅದಕ್ಕೇ. ವರ್ಷಗಟ್ಟಲೆ ಹೆಚ್ಚಾಗಿ ಒಳಗೆ ಹೋದರೆ ಅದೇ ಫ್ಲೋರೈಡ್ ಹಲ್ಲಿನ ಮೇಲೆ ಹಳದಿ, ಕಂದು ಕಲೆ ತರುತ್ತದೆ. ಪ್ರಮಾಣ ಇನ್ನೂ ಬಹಳ ಹೆಚ್ಚಾಗಿ ಬಹಳ ವರ್ಷ ನಡೆದರೆ ಮೂಳೆ, ಕೀಲುಗಳನ್ನು ಬಿಗಿ ಮಾಡುತ್ತದೆ. ಕಾಯುವುದೂ ಅದೇ, ಕೆಡಿಸುವುದೂ ಅದೇ. ನಡುವೆ ಇರುವುದು ಛೇದ ಮತ್ತು ಅಂಶ.

ಇಲ್ಲಿ ಒಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳು ನಿಮ್ಮ ತರಗತಿಯಲ್ಲಿ ಇರಬಹುದು. ನೀವೇ ಇರಬಹುದು. “ಹಲ್ಲು ಉಜ್ಜಂಗಿಲ್ಲೇನು?” ಎಂದು ಅವರನ್ನು ಹಂಗಿಸುವುದನ್ನು ನಾನು ಕೇಳಿದ್ದೇನೆ. ದೊಡ್ಡವರೂ ಹಾಗೆ ಅನ್ನುವುದುಂಟು. ಇದು ಅನ್ಯಾಯ. ಫ್ಲೋರೈಡಿನ ಕಲೆ ಹಲ್ಲಿನ ಮೇಲೆ ಅಂಟಿದ ಕೊಳೆಯಲ್ಲ. ಹಲ್ಲು ವಸಡಿನೊಳಗೆ ರೂಪುಗೊಳ್ಳುತ್ತಿದ್ದಾಗಲೇ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದ ನೀರಿನ ಗುರುತು ಅದು. ಉಜ್ಜಿದರೆ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದರಂತೂ ಹಲ್ಲಿನ ಹೊಳಪೂ ಸವೆಯುತ್ತದೆ. ಆ ಮಗು ನಾಚಬೇಕಾಗಿಲ್ಲ, ಬಾಯಿ ಮುಚ್ಚಿಕೊಂಡು ನಗಬೇಕಾಗಿಯೂ ಇಲ್ಲ. ಅದರ ಮನೆಯಲ್ಲಿ ಒಂದು ಪುಟ್ಟ ತಮ್ಮನೋ ತಂಗಿಯೋ ಇದ್ದರೆ, ಅವರ ಹಲ್ಲು ಇನ್ನೂ ವಸಡಿನೊಳಗಿದ್ದರೆ, ಆ ಮನೆಯ ನೀರಿನ ಲೆಕ್ಕವನ್ನು ಈಗಲೇ ಕೇಳಬೇಕು.

ತೂಕದ ಲೆಕ್ಕಕ್ಕೂ ತಲೆ ಎಣಿಕೆಗೂ ಫ್ಲೋರೈಡಿನಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ, ಗಮನಿಸಿದಿರಾ? ನೀರು 18, ಫ್ಲೋರೈಡ್ 19, ಹೆಚ್ಚುಕಡಿಮೆ ಒಂದೇ ಗಾತ್ರದ ಕಾಳುಗಳಿದ್ದಂತೆ. ವ್ಯತ್ಯಾಸ ಎದ್ದು ಕಾಣುವುದು ಆರ್ಸೆನಿಕ್‌ನಲ್ಲಿ. ಇದು ಕೂಡ ನಮ್ಮ ಜಿಲ್ಲೆಯದೇ ಕಥೆ. ಸುರಪುರ ತಾಲ್ಲೂಕಿನ ಮಂಗಳೂರು (ಕಡಲ ತೀರದ ಮಂಗಳೂರು ಅಲ್ಲ) ಸುತ್ತ ಹಿಂದೆ ಚಿನ್ನದ ಗಣಿಗಾರಿಕೆ ನಡೆದಿತ್ತು. ಚಿನ್ನ ಇರುವ ಬಂಡೆಯಲ್ಲಿ ಆರ್ಸೆನಿಕ್ ಇರುವ ಖನಿಜಗಳೂ ಜೊತೆಗಿರುವುದುಂಟು. ಆ ಪ್ರದೇಶದ ನೀರನ್ನೂ ಅಲ್ಲಿನ ಜನರ ಆರೋಗ್ಯವನ್ನೂ ವಿಜ್ಞಾನಿಗಳು ಪರೀಕ್ಷಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಕಿರದಳ್ಳಿ ತಾಂಡಾದ ಹೆಸರು ಆಗ ದೂರದೂರದ ವಿಜ್ಞಾನಿಗಳಿಗೂ ಗೊತ್ತಾಯಿತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ವರ್ಷಗಳ ನಂತರ ಅಂಗೈ, ಅಂಗಾಲುಗಳ ಚರ್ಮ ಗಂಟುಗಂಟಾಗಿ ಒರಟಾದಾಗಲೇ ಗೊತ್ತಾಗುವುದು.

ಕುಡಿಯುವ ನೀರಿನಲ್ಲಿ ಆರ್ಸೆನಿಕ್‌ಗೆ ಇರುವ ಗಡಿ ಲೀಟರಿಗೆ 0.01 ಮಿಲಿಗ್ರಾಂ. ತೂಕದಲ್ಲಿ ಇದು 100 ಕೋಟಿ ಭಾಗದಲ್ಲಿ 10 ಭಾಗ. ಆದರೆ ಆರ್ಸೆನಿಕ್ ದಪ್ಪ ಕಾಳು. ಅದರ ಒಂದು ಮೋಲ್ 75 ಗ್ರಾಂ ತೂಗುತ್ತದೆ. ಆದ್ದರಿಂದ ತಲೆ ಎಣಿಸಿದರೆ 100 ಕೋಟಿಯಲ್ಲಿ ಎರಡೂವರೆಗಿಂತಲೂ ಸ್ವಲ್ಪ ಕಡಿಮೆ. ಅರ್ಧ ಕಣ ಎಲ್ಲಿಂದ ಬಂತು ಎಂದು ಕೇಳುವವರಿಗಾಗಿ: 500 ಕೋಟಿಯಲ್ಲಿ 12. ಈಗ ಫ್ಲೋರೈಡಿನ ಗಡಿಯೊಡನೆ ಹೋಲಿಸಿ. ತೂಕದಲ್ಲಿ ನೋಡಿದರೆ 1.5 ಮಿಲಿಗ್ರಾಂ ಎಂಬುದು 0.01ರ 150 ಪಟ್ಟು. ತಲೆ ಎಣಿಸಿದರೆ ಸುಮಾರು 600 ಪಟ್ಟು! ಅಂದರೆ 600 ಫ್ಲೋರೈಡ್ ಕಣಗಳಿಗೆ ಒಪ್ಪಿದಷ್ಟು ನೀರಿನಲ್ಲಿ ಒಂದೇ ಒಂದು ಆರ್ಸೆನಿಕ್ ಕಣಕ್ಕೆ ಜಾಗ. ತೂಕದ ಲೆಕ್ಕ ಈ ಭಯವನ್ನು ಅರ್ಧ ಮುಚ್ಚಿಟ್ಟಿತ್ತು, ಮೋಲ್ ಲೆಕ್ಕ ಅದನ್ನು ತೆರೆದು ತೋರಿಸಿತು. ಕಣಗಳ ಎಣಿಕೆಯನ್ನು ನಿಮಗೆ ಕಲಿಸಬೇಕೆಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಛೇದವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಮನೆಯಲ್ಲೇ ಉದಾಹರಣೆ ಇದೆ. “ನೀರು ಕಾಯಿಸಿ ಕುಡಿಯಿರಿ” ಎಂದು ಎಲ್ಲರೂ ಹೇಳುತ್ತಾರೆ. ರೋಗಾಣುಗಳ ಮಟ್ಟಿಗೆ ಇದು ಒಳ್ಳೆಯ ಸಲಹೆ, ಬಿಡಬೇಡಿ. ಆದರೆ ಕಾಯಿಸಿದರೆ ಫ್ಲೋರೈಡ್ ಸಾಯುತ್ತದೆಯೇ? ಅದಕ್ಕೆ ಜೀವವೇ ಇಲ್ಲ! 10 ಲೀಟರ್ ನೀರಿನಲ್ಲಿ ಲೀಟರಿಗೆ 1.2 ಮಿಲಿಗ್ರಾಂನಂತೆ ಒಟ್ಟು 12 ಮಿಲಿಗ್ರಾಂ ಇದೆ ಎನ್ನಿ. ಕುದಿ ಕುದಿದು 8 ಲೀಟರಿಗೆ ಇಳಿಯಿತು. ಆವಿಯಾಗಿ ಹೋದದ್ದು ನೀರು ಮಾತ್ರ, 12 ಮಿಲಿಗ್ರಾಂ ಫ್ಲೋರೈಡ್ ಅಲ್ಲೇ ಉಳಿಯಿತು. 12ನ್ನು 8ರಿಂದ ಭಾಗಿಸಿ: ಲೀಟರಿಗೆ 1.5. ಅಂಶ ಅಷ್ಟೇ ಇದ್ದು ಛೇದ ಕುಗ್ಗಿತು, ಭಿನ್ನರಾಶಿ ದೊಡ್ಡದಾಯಿತು. ಕುದಿ ಬಂದ ಮೇಲೆ ಒಂದೆರಡು ನಿಮಿಷಕ್ಕೆ ಇಳಿಸಿದರೆ ಸಾಕು. ಸುಮ್ಮನೆ ಅರ್ಧ ಗಂಟೆ ಕುದಿಸಬೇಡಿ. ಇದರ ತಿರುವುಮುರುವು ಲೆಕ್ಕವೂ ಇದೆ. ಲೀಟರಿಗೆ 3 ಮಿಲಿಗ್ರಾಂ ಇರುವ ಬೋರಿನ ನೀರು ಒಂದು ಕೊಡ, ಶುಚಿಯಾಗಿ ಹಿಡಿದಿಟ್ಟ ಮಳೆ ನೀರು ಎರಡು ಕೊಡ ಬೆರೆಸಿದರೆ ಎಷ್ಟಾಗುತ್ತದೆ? ಮಳೆ ನೀರಿನಲ್ಲಿ ಫ್ಲೋರೈಡ್ ಬಹುತೇಕ ಸೊನ್ನೆ ಎಂದು ಹಿಡಿಯಿರಿ. ಮಾಡಿ ನೋಡಿ. ಆರ್ಸೆನಿಕ್ ಇರುವ ನೀರಿಗೆ ಮಾತ್ರ ಈ ಬೆರೆಸುವ ಆಟ ಬೇಡವೇ ಬೇಡ, ಆ ಬಾವಿಯ ನೀರನ್ನು ಕುಡಿಯಲು, ಅಡುಗೆಗೆ ಬಿಡಬೇಕು.

ಇನ್ನೊಂದು ಮೋಸದ ಸಂಖ್ಯೆ ಟಿಡಿಎಸ್. ಪೆನ್ನಿನಂಥ ಒಂದು ಯಂತ್ರವನ್ನು ಲೋಟಕ್ಕೆ ಅದ್ದಿ “ನೋಡ್ರಿ, 150 ಅದ, ನೀರು ಶುದ್ಧ” ಎಂದು ಹೇಳುವವರಿದ್ದಾರೆ. ಟಿಡಿಎಸ್ ಎಂದರೆ ಕರಗಿದ ಲವಣಗಳೆಲ್ಲದರ ಒಟ್ಟು ಅಂದಾಜು. ಬುಟ್ಟಿಯಲ್ಲಿ ಒಟ್ಟು ಕಾಳು ಎಷ್ಟು ಎಂದು ಹೇಳಿದಂತೆ, ಅದರಲ್ಲಿ ತೊಗರಿ ಎಷ್ಟು ಎಂದು ಹೇಳುವುದಿಲ್ಲ. 150 ಮಿಲಿಗ್ರಾಂ ಲವಣದಲ್ಲಿ 2 ಮಿಲಿಗ್ರಾಂ ಫ್ಲೋರೈಡ್ ಆರಾಮಾಗಿ ಅಡಗಿ ಕೂಡಬಲ್ಲದು. ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕಗಳು ಒಳ್ಳೆಯ ಸ್ಥಿತಿಯಲ್ಲಿದ್ದರೆ ಫ್ಲೋರೈಡನ್ನು ಬಹುಮಟ್ಟಿಗೆ ತೆಗೆಯುತ್ತವೆ. ಒಳಗಿನ ಪೊರೆ ಹಳೆಯದಾಗಿದ್ದರೆ ಆ ಭರವಸೆ ಇಲ್ಲ. “ಫಿಲ್ಟರ್ ನೀರು” ಎಂಬ ಹೆಸರು ಒಂದು ಸಂಖ್ಯೆ ಅಲ್ಲ.

ಹಾಗಾದರೆ ಸಂಖ್ಯೆ ಯಾರ ಬಳಿ ಸಿಗುತ್ತದೆ? 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್‌ನಿಂದ ನೀರು ಪರೀಕ್ಷಿಸುವ ತರಬೇತಿ ಕೊಡಬೇಕೆಂದಿದೆ. ನಿಮ್ಮೂರಿನ ಆ ಅಕ್ಕ, ಚಿಗವ್ವ ಯಾರೆಂದು ಪಂಚಾಯಿತಿಯಲ್ಲಿ ಕೇಳಿ. ಗುರುಗಳನ್ನು ಕರೆದುಕೊಂಡು ಹೋಗಿ. ಕೆಲವು ಕಿಟ್‌ಗಳಲ್ಲಿ ನೀರಿಗೆ ದ್ರಾವಣದ ಹನಿ ಹಾಕಿದಾಗ ಗುಲಾಬಿ ಬಣ್ಣ ಹಳದಿಯ ಕಡೆ ಸರಿಯುತ್ತದೆ. ಬಣ್ಣದ ಪಟ್ಟಿಯೊಡನೆ ಹೋಲಿಸಿ ಸಂಖ್ಯೆ ಓದುತ್ತಾರೆ. ಬಣ್ಣದ ಓದು ಅಂದಾಜಿನದು, ಗಡಿಯ ಹತ್ತಿರ ಬಂದರೆ ಪ್ರಯೋಗಾಲಯಕ್ಕೆ ಮಾದರಿ ಕಳಿಸಬೇಕೆಂದು ಕೇಳಿ. ಕೇಳಲು ನಿಮಗೆ ಹಕ್ಕಿದೆ, ಕುಡಿಯುವವರು ನೀವೇ ಅಲ್ಲವೇ?

ಬಂದ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ, ಬಿಸಿಯೂಟದ ಕೋಣೆಯ ಪಕ್ಕದಲ್ಲಿ ಬರೆಯಬೇಕೆಂಬುದು ನನ್ನ ಬೇಡಿಕೆ. ಗೋಡೆ ಬರಹಗಳಿಗೆ ನಮ್ಮ ಶಾಲೆಗಳಲ್ಲಿ ಬರವಿಲ್ಲ, ಒಂದು ಸಾಲು ನೀರಿಗೂ ಸಿಗಲಿ. ತೂಕದ ಸಂಖ್ಯೆಯನ್ನು ದೊಡ್ಡವರು ಬರೆಯಲಿ. ಅದರ ಕೆಳಗೆ ಕೋಟಿಯಲ್ಲಿ ಎಷ್ಟು ಕಣ ಎಂಬುದನ್ನು ಏಳನೇ ತರಗತಿಯವರು ಲೆಕ್ಕ ಹಾಕಿ ಬರೆಯಿರಿ. ಯಾವ ಬಾವಿ, ಯಾವ ದಿನ ಎಂಬುದೂ ಇರಲಿ. ಮೇ ತಿಂಗಳಲ್ಲಿ ತೆಗೆದ ನೀರಿನ ಸಂಖ್ಯೆಗೂ, ಮಳೆ ಮುಗಿದು ನವೆಂಬರಿನಲ್ಲಿ ಅದೇ ಬಾವಿಯಿಂದ ತೆಗೆದ ನೀರಿನ ಸಂಖ್ಯೆಗೂ ವ್ಯತ್ಯಾಸ ಬರಬಹುದು. ಎರಡನ್ನೂ ಪಕ್ಕಪಕ್ಕದಲ್ಲಿ ಬರೆದಿಡಿ. ಕೊಡದ ಲೆಕ್ಕಕ್ಕೆ ನಿಮಗೆ ಬಂದ ಉತ್ತರ ಲೀಟರಿಗೆ 1 ಮಿಲಿಗ್ರಾಂ ತಾನೇ?